1857ರಲ್ಲಿ ಆ ದೇಶದ ಹೆಸರೇನು? ಒಂದು ಆನ್‌ಲೈನ್ ವಿಶ್ವಕೋಶದ ವಿಮರ್ಶೆ

ಗೋಣಿಕೊಪ್ಪದ ಸುತ್ತಮುತ್ತ ತೋಟ ಮಾಡುವವರಿಗೆ ವಿಯೆಟ್ನಾಂ ಅಪರಿಚಿತ ದೇಶವಲ್ಲ. ಕರಿಮೆಣಸಿನ ದರ ಕುಸಿದರೂ, ರೊಬಸ್ಟಾ ಕಾಫಿಯ ದರ ಏರಿದರೂ ನಮ್ಮ ಮಾತು ಅಲ್ಲಿಗೇ ಹೋಗಿ ಮುಟ್ಟುತ್ತದೆ. ಬೆಳೆಗಾರರ ಸ್ಮರಣ ಸಂಚಿಕೆಯೊಂದಕ್ಕೆ ಆ ದೇಶದ ಕಾಫಿಯ ಕುರಿತು ಲೇಖನ ಬರೆಯುವ ಹೊಣೆ ನನ್ನ ಪಾಲಿಗೆ ಬಂದಾಗ, ಯಾರು ಬೇಕಾದರೂ ತಿದ್ದಬಹುದಾದ ಒಂದು ಆನ್‌ಲೈನ್ ವಿಶ್ವಕೋಶವನ್ನು ಸುಮಾರು ಒಂದು ತಿಂಗಳು ದಿನವೂ ಬಳಸಿದೆ. ಹಳೆಯ ಹೆಸರುಗಳನ್ನು ಅದು ಹೇಗೆ ನಿರ್ವಹಿಸುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ನನ್ನ ತೊಡಕು ಒಂದೇ ವಾಕ್ಯದಲ್ಲಿತ್ತು. ಫ್ರೆಂಚ್ ಪಾದ್ರಿಗಳು 1857ರಲ್ಲಿ ಅಲ್ಲಿಗೆ ಕಾಫಿ ಗಿಡ ಒಯ್ದರು ಎಂದು ಬರೆಯಬೇಕಿತ್ತು. 'ಅಲ್ಲಿಗೆ' ಎಂಬುದರ ಜಾಗದಲ್ಲಿ ಯಾವ ಹೆಸರು ಹಾಕಬೇಕು? ಒಂದು ಪುಟದಲ್ಲಿ ಅನ್ನಾಮ್ ಎಂದಿತ್ತು, ಇನ್ನೊಂದರಲ್ಲಿ ವಿಯೆಟ್ನಾಂ ಎಂದಿತ್ತು. 'ಇತಿಹಾಸ ನೋಡಿ' ಎಂಬಲ್ಲಿ ಒತ್ತಿದಾಗ ಅದೇ ಸಾಲನ್ನು ಒಬ್ಬರು ಬದಲಿಸಿ, ಮತ್ತೊಬ್ಬರು ಮರಳಿಸಿ, ಮೊದಲಿನವರು ಪುನಃ ಬದಲಿಸಿದ್ದು ಒಂದರ ಕೆಳಗೊಂದು ಕಾಣಿಸಿತು. ಬದಲಾದದ್ದು ಒಂದೇ ಪದ, ಕಾರಣದ ಅಂಕಣ ಮಾತ್ರ ಬಹುತೇಕ ಖಾಲಿ.

ಆದರೆ ಸಂಪಾದಕರು ತಮ್ಮ ವಾದ ಮಂಡಿಸುವ ಚರ್ಚೆ ಪುಟ ತೆರೆದವನಿಗೆ ಈ ಸೇವೆಯ ನಿಜವಾದ ಬೆಲೆ ತಿಳಿಯುತ್ತದೆ. ಅಲ್ಲಿ ಸಿಕ್ಕ ವಿವರ ಇದು: ವಿಯೆಟ್ನಾಮಿನ ಅರಸ ಜಾ ಲಾಂಗ್ 1802ರಲ್ಲಿ ಪಟ್ಟಕ್ಕೆ ಬಂದು, ತನ್ನ ನಾಡನ್ನು 'ನಾಮ್ ವಿಯೆಟ್' ಎಂದು ಕರೆಯಲು ಚೀನಾದ ಚಿಂಗ್ ಚಕ್ರವರ್ತಿಯ ಒಪ್ಪಿಗೆ ಕೇಳಿದ. ಅದೇ ಹೆಸರಿನ ಪ್ರಾಚೀನ ರಾಜ್ಯದಲ್ಲಿ ಇಂದಿನ ಗುವಾಂಗ್‌ಡಾಂಗ್ ಮತ್ತು ಗುವಾಂಗ್‌ಶಿ ಪ್ರಾಂತ್ಯಗಳೂ ಸೇರಿದ್ದರಿಂದ, ಆ ಹೆಸರು ಮುಂದೊಂದು ದಿನ ಭೂಮಿಯ ಹಕ್ಕಿಗೆ ಆಧಾರವಾದೀತೆಂದು ಚೀನೀ ಆಸ್ಥಾನ ಶಂಕಿಸಿತು; ಪದಗಳನ್ನು ಹಿಂದುಮುಂದು ಮಾಡಿ 1804ರಲ್ಲಿ 'ವಿಯೆಟ್ ನಾಮ್' ಎಂಬುದಕ್ಕೆ ಒಪ್ಪಿತು. 1830ರ ದಶಕದ ಕೊನೆಯಲ್ಲಿ ಅವನ ಮಗ ಮಿನ್ ಮಾಂಗ್ ಅದನ್ನೂ ಬಿಟ್ಟು 'ದಾಯ್ ನಾಮ್' ಎಂದ. ಹೀಗಾಗಿ 1857ರ ಮಟ್ಟಿಗೆ ಆ ಇಬ್ಬರು ಸಂಪಾದಕರ ಹೆಸರುಗಳಲ್ಲಿ ಯಾವುದೂ ಅರಸರ ಅಧಿಕೃತ ಹೆಸರಲ್ಲ.

'ಅನ್ನಾಮ್' ಎಂಬುದನ್ನು ಅಳಿಸುವವರ ಸಿಟ್ಟಿಗೂ ಕಾರಣವಿದೆ. ಅದು 7ನೆಯ ಶತಮಾನದಲ್ಲಿ ಚೀನಾದ ತಾಂಗ್ ರಾಜವಂಶದ ಆಡಳಿತ ಇಟ್ಟ ಹೆಸರು. 'ಶಾಂತಗೊಳಿಸಿದ ದಕ್ಷಿಣ' ಎಂದು ಅದರ ಅರ್ಥ, ಎಂದರೆ ಗೆದ್ದವರ ಮಾತು. ಮುಂದೆ ಫ್ರೆಂಚರು ಉತ್ತರಕ್ಕೆ ಟೊಂಕಿನ್, ದಕ್ಷಿಣಕ್ಕೆ ಕೊಚಿನ್‌ಚೀನಾ ಎಂದು ಹೇಳಿ, ನಡುಭಾಗಕ್ಕೆ ಅನ್ನಾಮ್ ಎಂಬುದನ್ನೇ ಉಳಿಸಿಕೊಂಡರು. ಒಂದೇ ಪದ ಒಮ್ಮೆ ಇಡೀ ದೇಶ, ಇನ್ನೊಮ್ಮೆ ಅದರ ಮೂರು ತುಂಡುಗಳಲ್ಲಿ ಒಂದು. ಕೂರ್ಗ್ (ಕೊಡಗು), ಮರ್ಕೆರಾ (ಮಡಿಕೇರಿ) ಎಂಬ ಹೆಸರುಗಳು ಇಂದಿಗೂ ನಾಮಫಲಕಗಳಲ್ಲಿ ಉಳಿದಿರುವ ಊರಿನವನಾದ ನನಗೆ ಆ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಹಾಗೆಂದು 1834ರ ನಂತರದ ಬ್ರಿಟಿಷ್ ಕಡತದಲ್ಲಿ 'ಕೂರ್ಗ್' ಎಂದಿರುವುದನ್ನು ಅಳಿಸಿ 'ಕೊಡಗು' ಎಂದು ತಿದ್ದುವುದನ್ನು ನಾನು ಒಪ್ಪಲಾರೆ.

ಹೆಸರುಗಳ ಮಟ್ಟಿಗೆ ಈ ವಿಶ್ವಕೋಶಕ್ಕೆ 5ರಲ್ಲಿ 3 ಅಂಕ ಕೊಡುತ್ತೇನೆ. ಹಣ ಕೇಳದೆ, ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಡನೆ ಉಳಿಸಿ ತೋರಿಸುವುದು ದೊಡ್ಡ ಗುಣ. ಹಳೆಯ ಹೆಸರು ಹುಡುಕಿದರೂ ಸರಿಯಾದ ಪುಟಕ್ಕೇ ಒಯ್ಯುತ್ತದೆ. ಆದರೆ ಯಾವ ವರ್ಷ, ಯಾರ ಬಾಯಲ್ಲಿ ಎಂಬ ವಿವರ ಚರ್ಚೆ ಪುಟದಲ್ಲೇ ಉಳಿದು, ಅವಸರದ ಓದುಗರು ನೋಡುವ ಮುಖ್ಯ ಪುಟಕ್ಕೆ ಬರುವುದಿಲ್ಲ. ಶಾಲಾ ಮಕ್ಕಳು ನಕಲು ಮಾಡಿಕೊಳ್ಳುವುದು ಆ ಮುಖ್ಯ ಪುಟವನ್ನೇ ಆದ್ದರಿಂದ ಎರಡು ಅಂಕ ಕಳೆದಿದ್ದೇನೆ.

ಸಂಚಿಕೆಗೆ ಕೊನೆಗೆ ನಾನು ಕೊಟ್ಟ ವಾಕ್ಯ ಹೀಗಿದೆ: 'ಅಂದಿನ ಅರಸರು ದಾಯ್ ನಾಮ್ ಎಂದೂ ಫ್ರೆಂಚರು ಅನ್ನಾಮ್ ಎಂದೂ ಕರೆಯುತ್ತಿದ್ದ, ಇಂದು ನಾವು ವಿಯೆಟ್ನಾಂ ಎನ್ನುವ ನಾಡಿಗೆ 1857ರಲ್ಲಿ ಕಾಫಿ ಗಿಡ ಬಂತು.' ವಾಕ್ಯ ಉದ್ದವಾಯಿತೆಂದು ಸಂಪಾದಕರು ಆಕ್ಷೇಪಿಸಿದರು; ಈ ಪುಟಗಳ ಇತಿಹಾಸವನ್ನು ಅವರಿಗೆ ಮೊಬೈಲಿನಲ್ಲಿ ತೋರಿಸಿದ ಮೇಲೆ ಹಾಗೆಯೇ ಅಚ್ಚಿಗೆ ಕಳುಹಿಸಿದರು.