ಲಾರ್ಜ್ ಬ್ರೀಡ್ ಪಪ್ಪಿ ಕಿಬಲ್, 15 ಕೆ.ಜಿ. ಚೀಲ: ಒಂದು ವರ್ಷ ಹಾಕಿದ ಮೇಲೆ

ಈ ಕಿಬಲ್ (ಒಣ ಕಾಳಿನ ನಾಯಿ ಆಹಾರ) ಹಾಕಿದ್ದು ಊಟಕ್ಕೆ ಸತಾಯಿಸುವ ಜರ್ಮನ್ ಶೆಫರ್ಡ್ ಗಂಡು ಮರಿಗೆ, ಎರಡನೇ ತಿಂಗಳಿಂದ ಹದಿನಾಲ್ಕರವರೆಗೆ. ಐದಕ್ಕೆ ನಾಲ್ಕು ಸ್ಟಾರ್. ಉಳಿದೊಂದನ್ನು ಕಳೆದದ್ದು ದಿನಕ್ಕೆಷ್ಟು ಹಾಕಬೇಕೆಂದು ಚೀಲದ ಹಿಂದೆ ಕೊಟ್ಟ ಕೋಷ್ಟಕ.

ಸಾಮಾನ್ಯ ಪಪ್ಪಿ ಫುಡ್ ಬಿಟ್ಟು ಇದಕ್ಕೆ ಹೆಚ್ಚು ದುಡ್ಡು ಕೊಡುವುದು ಮುಖ್ಯವಾಗಿ ಕ್ಯಾಲ್ಸಿಯಂ ಹಿಡಿತಕ್ಕಾಗಿ. ಆರು ತಿಂಗಳೊಳಗಿನ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ಸರಿಯಾಗಿ ತಡೆಯಲಾರದು. ಅದು ರಕ್ತಕ್ಕೆ ಸೇರಿ ಮೂಳೆ, ಕೀಲುಗಳ ಬೆಳವಣಿಗೆ ಕೆಡಿಸುತ್ತದೆ. ಬೆಳೆದಾಗ 31.8 ಕೆ.ಜಿ. ಮುಟ್ಟುವ ತಳಿಗಳ ಮರಿಗೆ ಪಶು ಆಹಾರದ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಆಫ್ಕೊ ಹಾಕಿರುವ ಕ್ಯಾಲ್ಸಿಯಂ ಮಿತಿ ತೇವಾಂಶ ಕಳೆದ ಲೆಕ್ಕದಲ್ಲಿ ಶೇ 1.8. ಈ ಚೀಲದ ಮೇಲೆ ಕ್ಯಾಲ್ಸಿಯಂ ಶೇ 1.2, ತೇವಾಂಶ ಶೇ 10 ಎಂದಿದೆ. 1.2 ಅನ್ನು 0.9ರಿಂದ ಭಾಗಿಸಿದರೆ 1.33, ಚಿಂತೆಯಿಲ್ಲ. ಇದರ ಮೇಲೆ ಅಂಗಡಿಯವರು ಕೊಡುವ ಕ್ಯಾಲ್ಸಿಯಂ ಸಿರಪ್ ಸುರಿದರೆ ಕೊಟ್ಟ ದುಡ್ಡೆಲ್ಲ ದಂಡ.

ರಾಗಿ ಗಂಜಿ ಬೆರೆಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. 50 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 0.18 ಗ್ರಾಂ ಕ್ಯಾಲ್ಸಿಯಂ. 300 ಗ್ರಾಂ ಕಿಬಲ್‌ನಲ್ಲೇ 3.6 ಗ್ರಾಂ ಇದೆ. ಹಾಗಾಗಿ ಮೂಳೆಗೆ ಅದರಿಂದ ಲಾಭವೂ ಇಲ್ಲ, ಅಪಾಯವೂ ಇಲ್ಲ. ತೊಂದರೆ ಬೇರೆ: ಅಷ್ಟು ಗಂಜಿ ಕುಡಿದ ಮರಿ 45 ಗ್ರಾಂ ಕಿಬಲ್ ಬಿಡುತ್ತದೆ, ಅಷ್ಟರ ಪ್ರೋಟೀನ್ ಹೋಯಿತು.

ಕೋಷ್ಟಕದ ಅಳತೆ ಧಾರಾಳ. ಅದನ್ನೇ ನಂಬಿದವರಿಗೆ ಬಟ್ಟಲಲ್ಲಿ ಉಳಿದ ಕಾಳು ಕಂಡು ಮರಿ ತಿನ್ನುತ್ತಿಲ್ಲ ಅನ್ನಿಸುತ್ತದೆ. ಎಷ್ಟೋ ಸಲ ಅದಕ್ಕೆ ಹೊಟ್ಟೆ ತುಂಬಿರುತ್ತದೆ. ಲೆಕ್ಕ ಹೀಗೆ: ಕೆ.ಜಿ. ಲೆಕ್ಕದ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿ. ನಾಲ್ಕು ತಿಂಗಳವರೆಗೆ ಅದರ ಮೂರು ಪಟ್ಟು, ಆಮೇಲೆ ಎರಡು ಪಟ್ಟು. ನಾಲ್ಕು ತಿಂಗಳು ದಾಟಿದ 20 ಕೆ.ಜಿ. ಮರಿಗೆ ದಿನಕ್ಕೆ ಸುಮಾರು 1,320 ಕ್ಯಾಲರಿ. ಕಿಲೋಗೆ 3,600 ಕ್ಯಾಲರಿಯ ಈ ಕಿಬಲ್‌ನಲ್ಲಿ ದಿನಕ್ಕೆ 370 ಗ್ರಾಂ, ಮೂರು ಹೊತ್ತಿಗೆ ಹಂಚಿ. ಇದು ಶುರು ಮಾಡಲು ಮಾತ್ರ. ಮುಂದಿನದನ್ನು ಮರಿಯ ಮೈ ಹೇಳುತ್ತದೆ. ಲೋಟದಲ್ಲಿ ಅಳೆಯಬೇಡಿ, ಕಿಚನ್ ಸ್ಕೇಲ್ ಇಡಿ.

ಮೂಸಿ ತಿರುಗಿ ಹೋಗುವ ಮರಿಗೆ: ಉಗುರುಬೆಚ್ಚಗಿನ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ, ಕೊಬ್ಬಿನ ವಾಸನೆ ಏಳುತ್ತದೆ. 20 ನಿಮಿಷಕ್ಕೆ ಬಟ್ಟಲು ಎತ್ತಿ, ಮುಂದಿನ ಹೊತ್ತಿನವರೆಗೆ ಏನೂ ಇಲ್ಲ. ಕೈತುತ್ತು ಶುರು ಮಾಡಿದಿರೋ, ಮುಗಿಯಿತು. ಬೇಯಿಸಿದ ಕೋಳಿ ಹಾಕುವುದಾದರೆ 20 ಕೆ.ಜಿ. ಮರಿಗೆ 80 ಗ್ರಾಂ ಒಳಗೆ, ಅಂದರೆ ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ, ಆ ಮಟ್ಟಿಗೆ ಕಿಬಲ್ ಕಡಿತ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಗಟ್ಟಿ ಕಾಳು ಬಿಡುವುದುಂಟು. ಆಗ ಬ್ರಾಂಡ್ ಬದಲಿಸದೆ ಚೆನ್ನಾಗಿ ನೆನೆಸಿ. ಮಂಕಾಗಿ ಮಲಗಿದರೆ, ವಾಂತಿ, ಭೇದಿ ಇದ್ದರೆ ಅದು ಹಟವಲ್ಲ. ಅವತ್ತೇ ಡಾಕ್ಟರ್ ಬಳಿ ಹೋಗಿ.

ತೂಕ ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ: ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯಿರಿ. ವಯಸ್ಸಿಗೆ ತಕ್ಕ ತೂಕವನ್ನು ಗೆರೆಗಳಲ್ಲಿ ತೋರಿಸುವ ವಾಲ್ಥಮ್ ಬೆಳವಣಿಗೆ ಚಾರ್ಟ್‌ನಲ್ಲಿ ಚುಕ್ಕೆ ಇಡಿ. ಚುಕ್ಕೆ ಕೆಳಗಿನ ಗೆರೆಯಲ್ಲಿದೆ ಎಂದು ಗಾಬರಿ ಬೇಡ. ಒಂದು ಗೆರೆಯಿಂದ ಇನ್ನೊಂದಕ್ಕೆ ಜಾರುತ್ತಿದೆಯೇ ಅನ್ನುವುದನ್ನು ನೋಡಿ. ಮೇಲಕ್ಕೆ ಜಿಗಿಯುವುದೂ ಅಷ್ಟೇ ಕೆಟ್ಟದ್ದು. ಪಕ್ಕೆಲುಬು ಮುಟ್ಟಿ ನೋಡಿ: ಅಂಗೈ ಕೆಳಮುಖ ಮಾಡಿ ಚಾಚಿದ ಬೆರಳುಗಳ ಮೇಲೆ ಸವರಿದಂತಿದ್ದರೆ ಸರಿ, ಮುಷ್ಟಿಯ ಗೆಣ್ಣುಗಳಂತಿದ್ದರೆ ಸಣಕಲು, ಅಂಗೈಯ ಮೆತ್ತೆಯಂತಿದ್ದರೆ ಊಟ ಶೇ 10 ಇಳಿಸಿ. ಜರ್ಮನ್ ಶೆಫರ್ಡ್ ಮರಿ ಐದು ತಿಂಗಳ ನಂತರ ಇವತ್ತೊಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟಿದರೆ ಪ್ಯಾನೊಸ್ಟಿಯೈಟಿಸ್ (ಬೆಳೆಯುವ ಮರಿಗಳ ಮೂಳೆಯ ಉರಿಯೂತ) ಇರಬಹುದು, ಎಕ್ಸ್‌ರೇ ಮಾಡಿಸಿ.

ಚೀಲದ ಜಿಪ್ ದಂಡ. ಮಳೆಗಾಲದಲ್ಲಿ ಮೂರನೇ ವಾರಕ್ಕೇ ಕಮಟು ವಾಸನೆ, ಆಮೇಲೆ ಮರಿ ಮೂತಿ ತಿರುಗಿಸಿದರೆ ತಪ್ಪು ಅದರದ್ದಲ್ಲ. ಚೀಲ ಸಮೇತ ಮುಚ್ಚಳದ ಡ್ರಮ್ಮಿಗೆ ಇಳಿಸಿ. ಮೊದಲ ಎರಡು ತಿಂಗಳು 3 ಕೆ.ಜಿ. ಪ್ಯಾಕೆಟ್ಟೇ ತನ್ನಿ.