ಹಳೆಯ ಐಷಾರಾಮಿ ಕಾರು ಕೊಳ್ಳುವ ಮೊದಲು ಕಾರ್ಪೆಟ್ ಎತ್ತಿಸಿ ನೋಡಿ

2023ರ ಜನವರಿಯಲ್ಲಿ ಮಂಗಳೂರಿನ ಒಬ್ಬ ದಲ್ಲಾಳಿಯ ಮೂಲಕ ನಾನು 2010ರಲ್ಲಿ ನೋಂದಣಿಯಾದ, ಕೆಎ 20 ಸಂಖ್ಯೆಯ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಇದ್ದ ಜರ್ಮನ್ ಸೆಡಾನ್ ಒಂದನ್ನು 6,50,000 ರೂಪಾಯಿ ಕೊಟ್ಟು ಕೊಂಡೆ. ಹದಿನೆಂಟು ತಿಂಗಳು ತುಂಬುವಷ್ಟರಲ್ಲಿ ಅದರ ಮೇಲೆ ಮತ್ತೆ 3,67,000 ರೂಪಾಯಿ ಸುರಿದು, ಕೊನೆಗೆ ಬಿಡಿಭಾಗಗಳ ಲೆಕ್ಕದಲ್ಲಿ ಮಾರಿ ಕೈತೊಳೆದುಕೊಂಡೆ. ತಯಾರಕರ ಹೆಸರನ್ನಾಗಲಿ, ದಲ್ಲಾಳಿ ಮತ್ತು ಗ್ಯಾರೇಜಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಕಾರು ಮಾಡಿದವರದು ಇದರಲ್ಲಿ ಏನೂ ತಪ್ಪಿಲ್ಲ; ಉಳಿದವರ ಮೇಲೆ ಸಾಬೀತು ಮಾಡುವಷ್ಟು ಕಾಗದಪತ್ರ ನನ್ನ ಬಳಿ ಇಲ್ಲ. ನನ್ನ ತಪ್ಪುಗಳನ್ನು ಮಾತ್ರ ನಾನು ಖಚಿತವಾಗಿ ಬಲ್ಲೆ, ಅವೇ ಈ ಬರಹದ ಬಹುಪಾಲು.

ಕಾರು ನೋಡಲು ಚೆನ್ನಾಗಿಯೇ ಇತ್ತು. ಕಪ್ಪು ಬಣ್ಣ ಮಾಸಿರಲಿಲ್ಲ, ಚರ್ಮದ ಸೀಟುಗಳಿಗೆ ಹೊಸದಾಗಿ ಪಾಲಿಶ್ ಹಚ್ಚಿದ್ದರು, ಓಡಿದ್ದು 78,000 ಕಿಲೋಮೀಟರ್ ಎಂದು ಮೀಟರ್ ತೋರಿಸುತ್ತಿತ್ತು. ಪಣಂಬೂರಿನ ತನಕ ಓಡಿಸಿ ನೋಡಿದಾಗ ಎಂಜಿನ್ನಿನ ಸದ್ದು ಒಳಗೆ ಕೇಳಿಸಲೇ ಇಲ್ಲ. ಹೊಸದಿದ್ದಾಗ ಇದರ ಎಷ್ಟೋ ಪಟ್ಟು ಬೆಲೆ ಬಾಳುತ್ತಿದ್ದ ವಾಹನ ಈಗ ಒಂದು ಸಣ್ಣ ಹೊಸ ಹ್ಯಾಚ್‌ಬ್ಯಾಕಿನ ದರಕ್ಕೆ ಸಿಗುತ್ತಿದೆ ಎಂಬ ಲೆಕ್ಕಾಚಾರದಲ್ಲಿ ನಾನು ಮುಳುಗಿದ್ದೆ. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ, ಹೆಡ್‌ಲೈಟಿನಿಂದ ಹಿಡಿದು ರಬ್ಬರ್ ಬುಶ್‌ನ ತನಕ ಎಲ್ಲದಕ್ಕೂ ಐಷಾರಾಮಿ ಕಾರಿನ ದರವನ್ನೇ ಕೊಡಬೇಕು ಎಂಬುದನ್ನು ಎಲ್ಲರಂತೆ ನಾನೂ ಕೇಳಿದ್ದೆ. ಕೇಳಿದ್ದಕ್ಕೂ ಬಿಲ್ ಕಟ್ಟಿದ್ದಕ್ಕೂ ಬಹಳ ವ್ಯತ್ಯಾಸ ಉಂಟು.

ಎಚ್ಚರಿಕೆಯ ಗುರುತುಗಳು ಆ ದಿನವೇ ನನ್ನ ಕೈಯಲ್ಲಿದ್ದವು. ಸರ್ವಿಸ್ ಪುಸ್ತಕದಲ್ಲಿ 2020ರ ಆಗಸ್ಟ್ ತನಕ ಕ್ರಮಬದ್ಧವಾಗಿ ಮುದ್ರೆಗಳಿದ್ದು, ಅಲ್ಲಿಂದ ಮುಂದೆ ಎಲ್ಲ ಖಾಲಿ ಇತ್ತು. ಅದನ್ನು ನಾನು ಕೋವಿಡ್‌ನ ಖಾತೆಗೆ ಬರೆದುಬಿಟ್ಟೆ. ವಿಮೆಯ ಪಾಲಿಸಿ ಎಂದು ಕೊಟ್ಟದ್ದು ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ ಮಾತ್ರ ಹಣ ಕೊಡುವಂಥದ್ದು, ಅದೂ ಮೂರು ವಾರದ ಹಿಂದೆ ಮಾಡಿಸಿದ್ದು. ಇಂಥ ಕಾರನ್ನು ಹತ್ತು ವರ್ಷ ಜತನದಿಂದ ನೋಡಿಕೊಂಡವರು ಪೂರ್ಣ ವಿಮೆ ಇಲ್ಲದೆ ಇಟ್ಟುಕೊಂಡದ್ದು ಯಾಕೆ ಎಂದು ನಾನು ಕೇಳಲಿಲ್ಲ. ಹಿಂದಿನ ಪಾಲಿಸಿಯ ಪ್ರತಿಯನ್ನೂ ಕೇಳಲಿಲ್ಲ. ಕೇಳಿದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಎಷ್ಟಿತ್ತು, ಕ್ಲೇಮ್ ಆಗಿತ್ತೇ ಎಂಬುದು ಹೊರಬೀಳುತ್ತಿತ್ತು. ಎಲ್ಲಕ್ಕಿಂತ ದೊಡ್ಡದು, ಆರ್‌ಸಿಯಲ್ಲಿ ಹೆಸರಿದ್ದ ಮಾಲೀಕರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರ ಸಹಿ ಮೊದಲೇ ಬಿದ್ದಿದ್ದ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ನ್ನು ದಲ್ಲಾಳಿ ಖಾನೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ಪಾರ್ಟಿ ಈಗ ಫಾರಿನ್‌ನಲ್ಲಿ, ನಿಮಗೆ ಟೆನ್ಶನ್ ಬೇಡ, ಗಾಡಿ ಸೂಪರ್ ಕಂಡೀಶನ್ ಉಂಟು" ಎಂದರು. ನಮ್ಮ ಊರಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುವುದರಿಂದ ಆ ಮಾತಿನಲ್ಲಿ ನನಗೆ ಯಾವ ಅನುಮಾನವೂ ಹುಟ್ಟಲಿಲ್ಲ.

ಮಾರ್ಚಿನಲ್ಲಿ ತೊಂದರೆ ಆರಂಭವಾಯಿತು. ಎರಡು ದಿನ ನಿಲ್ಲಿಸಿದರೆ ಸಾಕು, ಬ್ಯಾಟರಿ ಪೂರ್ತಿ ಸತ್ತಿರುತ್ತಿತ್ತು. ಎಲ್ಲ ಬ್ರಾಂಡ್‌ಗಳ ಕಾರುಗಳನ್ನೂ ನೋಡುವ ನಗರದ ಒಂದು ಗ್ಯಾರೇಜಿಗೆ ಒಯ್ದೆ. ಅವರು 27,000 ರೂಪಾಯಿಯ ಹೊಸ ಎಜಿಎಂ ಬ್ಯಾಟರಿ ಹಾಕಿದರು. ಹತ್ತು ದಿನಕ್ಕೆ ಅದೂ ಮಲಗಿತು. ಆಗ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ ಎಂದು 46,000 ರೂಪಾಯಿಗೆ ಅದನ್ನು ಬದಲಿಸಿದರು. ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ ಎದ್ದು ನೋಡಿದರೆ ಕಾರಿನ ಹಿಂದಿನ ಎಡಮೂಲೆ ಕೂತಿರುತ್ತಿತ್ತು; ಎಂಜಿನ್ ಚಾಲೂ ಮಾಡಿದ ಮೇಲೆ ನಿಧಾನವಾಗಿ ಏಳುತ್ತಿತ್ತು. ಏರ್ ಸಸ್ಪೆನ್ಷನ್ನಿನ ಕಂಪ್ರೆಸರ್ ಹೋಗಿದೆ ಎಂದು ಹೇಳಿ 62,000 ರೂಪಾಯಿಯ ಬಿಲ್ ಮಾಡಿದರು.

ಈ ಕಂಪ್ರೆಸರ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆಯ ಏರ್ ಸಸ್ಪೆನ್ಷನ್ ಇರುವ ಕಾರು ಇಟ್ಟುಕೊಂಡ ಬಹಳ ಮಂದಿ ಇಲ್ಲಿಯೇ ಹಣ ಕಳೆದುಕೊಳ್ಳುತ್ತಾರೆ. ಈ ವ್ಯವಸ್ಥೆಯಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ಹತ್ತು ಹನ್ನೆರಡು ವರ್ಷವಾದ ಮೇಲೆ ರಬ್ಬರ್ ಮಡಿಕೆಗಳಲ್ಲಿ ಸೀಳಿ, ಗಾಳಿ ಸಣ್ಣಗೆ ಸೋರತೊಡಗುತ್ತದೆ. ಸೋರಿದ ಗಾಳಿಯನ್ನು ತುಂಬಿಸಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಚೀಲ ಹಾಗೆಯೇ ಇಟ್ಟು ಕಂಪ್ರೆಸರ್ ಮಾತ್ರ ಹೊಸದು ಹಾಕಿದರೆ ಹೊಸದಕ್ಕೂ ಅದೇ ಗತಿ. ಸೋರಿಕೆ ಎಲ್ಲಿದೆ ಎಂದು ನೋಡಲು ದೊಡ್ಡ ಯಂತ್ರವೇನೂ ಬೇಕಿಲ್ಲ, ಸೋಪುನೀರು ಸಿಂಪಡಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರೆ ಸಾಕು. ನನ್ನ ಕಾರಿಗೆ ಯಾರೂ ಸೋಪುನೀರು ಸಿಂಪಡಿಸಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿದ ಮೇಲೆ, ಉಡುಪಿಯ ಸಂಬಂಧಿಕರ ಮನೆಗೆ ಹೊರಟಿದ್ದಾಗ, ರಾತ್ರಿ ಎಂಟು ಗಂಟೆಯ ಹೊತ್ತಿಗೆ ಮೂಲ್ಕಿ ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡಿನ ದೀಪಗಳು ಒಂದರ ಹಿಂದೆ ಒಂದರಂತೆ ಹೊತ್ತಿಕೊಂಡವು. ಎಬಿಎಸ್, ಏರ್‌ಬ್ಯಾಗ್, ಸ್ಟೇರಿಂಗ್, ಗೇರ್‌ಬಾಕ್ಸ್, ಎಲ್ಲವೂ. ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಯಿತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಧೋ ಎಂದು ಸುರಿಯುವ ಮಳೆಯಲ್ಲಿ, ಹೆಂಡತಿ ಮತ್ತು ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಎರಡು ಗಂಟೆ ಕಾದೆ. ದಾರಿಹೋಕರೊಬ್ಬರು ಹಗ್ಗ ಕಟ್ಟಿ ಎಳೆಯಲು ಮುಂದಾದರು. ಹಿಂದಿನ ಚಕ್ರ ಎಳೆಯುವ ಆಟೋಮ್ಯಾಟಿಕ್ ಕಾರನ್ನು ಹಾಗೆ ದೂರ ಎಳೆದರೆ ಗೇರ್‌ಬಾಕ್ಸಿಗೆ ಆಯಿಲ್ ಸಿಗದೆ ಒಳಗೆ ಸವೆಯುತ್ತದೆ ಎಂಬುದು ಅದೃಷ್ಟವಶಾತ್ ಗೊತ್ತಿದ್ದುದರಿಂದ, ಕಾರನ್ನು ಮೇಲೇರಿಸಿಕೊಂಡು ಒಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಬರುವ ತನಕ ತಡೆದೆ. ಆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿದಾಗ ಮೂವತ್ತೊಂದು ದೋಷಗಳ ಕೋಡ್ ಬಂತು. ಅವರು ಆ ಪಟ್ಟಿಯನ್ನು ಅಂಗಡಿಯ ಸಾಮಾನು ಚೀಟಿ ಓದಿದಂತೆ ಓದಿದರು. ಗೇರ್‌ಬಾಕ್ಸಿನೊಳಗಿನ ಕಂಟ್ರೋಲ್ ಯೂನಿಟ್, ಅಂದರೆ ಅದನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಹೋಗಿದೆ ಎಂದು ತೀರ್ಮಾನಿಸಿ, ನನ್ನ ಒಪ್ಪಿಗೆಯಿಂದಲೇ 1,38,000 ರೂಪಾಯಿಗೆ ಅದನ್ನು ಬದಲಿಸಿದರು. ಒಂಬತ್ತು ದಿನ ಕಾರು ಸುಗಮವಾಗಿ ಓಡಿತು. ಹತ್ತನೆಯ ದಿನ ಜೋರು ಮಳೆ ಬಂತು, ಎಲ್ಲ ದೀಪಗಳೂ ಮರಳಿದವು.

ಕೋಡ್ ಎಂದರೆ ಆ ಭಾಗ ಕೆಟ್ಟಿದೆ ಎಂದು ಅರ್ಥವಲ್ಲ. ಆ ಭಾಗದಿಂದ ಬರಬೇಕಾದ ಸಂಕೇತ ಬರಲಿಲ್ಲ, ಅಥವಾ ಅಲ್ಲಿಗೆ ತಲುಪುವ ವೋಲ್ಟೇಜ್ ಕಡಿಮೆಯಾಯಿತು ಎಂದು ಮಾತ್ರ ಅದು ಹಲವು ಸಲ ಹೇಳುತ್ತದೆ. ಬ್ಯಾಟರಿ ಇಳಿದಾಗ ಇಂಥ ಕಾರುಗಳಲ್ಲಿ ಹತ್ತಾರು ಸುಳ್ಳು ಕೋಡ್‌ಗಳು ಒಟ್ಟಿಗೆ ಬರುತ್ತವೆ. ಅವನ್ನೆಲ್ಲ ಅಳಿಸಿ, ಕಾರನ್ನು ಓಡಿಸಿ, ಯಾವುದು ಮೊದಲು ಮರಳುತ್ತದೆ ಎಂದು ನೋಡುವುದು ಸರಿಯಾದ ಕ್ರಮ. ಇದನ್ನು ನನಗೆ ಕಲಿಸಿದವರು ಉಡುಪಿಯಲ್ಲಿ ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುವ, ಮಸ್ಕತ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ, ವಯರಿಂಗ್ ಮಾತ್ರ ನೋಡುವ ಒಬ್ಬ ಹಿರಿಯರು.

ಅವರು ಮೊದಲು ಸ್ಕ್ಯಾನರ್ ಮುಟ್ಟಲೇ ಇಲ್ಲ. ಬಾಗಿಲು ತೆರೆದಿಟ್ಟು, ಅದರ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರನ್ನು ನಂಬಿಸಿದರು. ಬ್ಯಾಟರಿಯ ತಂತಿಗೆ, ಹರಿಯುವ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ, ಚಹಾ ತರಿಸಿ, ನಲವತ್ತು ನಿಮಿಷ ಸುಮ್ಮನೆ ಕೂತರು. ಕಾರಿನ ಕಂಪ್ಯೂಟರುಗಳೆಲ್ಲ ನಿದ್ರೆಗೆ ಜಾರಿದ ಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಕಡಿಮೆ ಇರಬೇಕು. ನನ್ನ ಕಾರಿನಲ್ಲಿ 2.8 ಆಂಪಿಯರ್ ಹರಿಯುತ್ತಲೇ ಇತ್ತು. 95 ಆಂಪಿಯರ್-ಅವರ್‌ನ ಬ್ಯಾಟರಿ ಆ ಲೆಕ್ಕದಲ್ಲಿ ಒಂದೂವರೆ ದಿನಕ್ಕೆ ಬರಿದಾಗುತ್ತದೆ. ಫ್ಯೂಸ್ ಕಿತ್ತರೆ ಕಂಪ್ಯೂಟರುಗಳು ಮತ್ತೆ ಎಚ್ಚರಗೊಳ್ಳುತ್ತವೆ ಎಂದು ಹೇಳಿ, ಒಂದೊಂದು ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆಗಳಿಗೆ ಮಲ್ಟಿಮೀಟರಿನ ಮೊನೆ ತಾಗಿಸುತ್ತ ಹೋದರು. ಒಂದು ಫ್ಯೂಸಿನಲ್ಲಿ ಮೀಟರಿನ ಅಂಕಿ ಏರಿತು, ಅಂದರೆ ಕರೆಂಟ್ ಹರಿಯುತ್ತಿದ್ದುದು ಅದರ ಮೂಲಕ. ಆ ತಂತಿ ಹೋಗುವುದು ಮುಂದಿನ ಎಡಸೀಟಿನ ಕಾಲಡಿಯಲ್ಲಿರುವ ಕಂಟ್ರೋಲ್ ಯೂನಿಟ್ಟಿಗೆ.

ಬಾಗಿಲಿನ ಹೊಸ್ತಿಲಿನ ಪಟ್ಟಿ ಬಿಚ್ಚಿ ಕಾರ್ಪೆಟಿನ ಮೂಲೆ ಎತ್ತಿದರು. ಮೇಲೆ ಮುಟ್ಟಿದರೆ ಬೆಚ್ಚಗೆ ಒಣಗಿದ್ದ ಕಾರ್ಪೆಟಿನ ಕೆಳಗೆ, ಸದ್ದು ತಡೆಯಲು ಹಾಕುವ ದಪ್ಪದ ಫೋಮ್ ಇತ್ತು. ಅದನ್ನು ಮುಷ್ಟಿಯಿಂದ ಒತ್ತಿದಾಗ ಕಂದು ನೀರು ಬೆರಳುಗಳ ನಡುವಿನಿಂದ ಉಕ್ಕಿ ಬಂತು. ತೋಡಿನ ಕೆಸರಿನ ವಾಸನೆ ಶೆಡ್ಡಿನಲ್ಲೆಲ್ಲ ಹರಡಿತು. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ, ವರ್ಷಗಟ್ಟಲೆ ಹುಣಸೆಹುಳಿ ಕಾಣದ ಹಿತ್ತಾಳೆ ದೀಪದಂತೆ, ಹಸಿರು ಕಿಲುಬು. "ಬ್ಯಾಟರಿ ಪಾಪ ಎಂತ ಮಾಡ್ತದೆ ಸರ್, ಗಾಡಿ ನೀರಲ್ಲಿ ಕೂತಿತ್ತು ಮಾರಾಯ್ರೆ" ಎಂದು ಹೇಳಿ ಅವರು ಹಿಂದಿನ ಸೀಟ್‌ಬೆಲ್ಟನ್ನು ಕೊನೆಯ ತನಕ ಎಳೆದು ತೋರಿಸಿದರು. ಸುರುಳಿಯ ಒಳಗೇ ಉಳಿಯುವ ಕೊನೆಯ ಒಂದು ಗೇಣು ಪಟ್ಟಿಯಲ್ಲಿ ನುಣುಪಾದ ಮಣ್ಣಿನ ಗೆರೆ ಸ್ಪಷ್ಟವಾಗಿ ಮೂಡಿತ್ತು. ಪಾಲಿಶ್ ಹಚ್ಚುವವರ ಕೈ ಅಲ್ಲಿಯ ತನಕ ಹೋಗುವುದಿಲ್ಲ.

ಆಮೇಲೆ ಆರ್‌ಸಿಯ ಹಳೆಯ ವಿಳಾಸ ಹಿಡಿದು ವಿಚಾರಿಸಿದೆ. ಆ ಮಾಲೀಕರು ಫಾರಿನ್ನಿಗೆ ಹೋದವರೇ ಅಲ್ಲ, ಉಡುಪಿಯಲ್ಲಿಯೇ ಇದ್ದರು. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯ ತಗ್ಗು ಪ್ರದೇಶಗಳೆಲ್ಲ ಮುಳುಗಿದ್ದು ಇಲ್ಲಿಯವರಿಗೆ ನೆನಪಿರಬಹುದು; ಅಂದು ಇವರ ಅಂಗಳದಲ್ಲಿ ನಿಂತಿದ್ದ ಕಾರಿನ ಸೀಟಿನ ಮಟ್ಟಕ್ಕೆ ನೀರು ಬಂದಿತ್ತು. ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ಹಣ ಕೊಟ್ಟು, ಕಾರನ್ನು ಗುಜರಿ ಲೆಕ್ಕದಲ್ಲಿ ಹರಾಜಿಗೆ ಬಿಟ್ಟಿತ್ತು. ಅವರು ಸಹಿ ಮಾಡಿಕೊಟ್ಟ ಕಾಗದಗಳು ಕೈಯಿಂದ ಕೈಗೆ ದಾಟಿ ದಲ್ಲಾಳಿಯ ಖಾನೆ ಸೇರಿದ್ದವು. ದುರಸ್ತಿಗೆ ಮೀರಿದ ವಾಹನದ ಆರ್‌ಸಿಯನ್ನು ಹದಿನಾಲ್ಕು ದಿನಗಳೊಳಗೆ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಆದರೆ ವಿಮೆಯ ಪೂರ್ಣ ನಷ್ಟವೆಂದರೆ ದುರಸ್ತಿಯ ಖರ್ಚು ಕಾರಿನ ಬೆಲೆಗೆ ಸರಿಹೊಂದುವುದಿಲ್ಲ ಎಂದಷ್ಟೇ ಆದ್ದರಿಂದ, ಇಂಥ ಕಾರುಗಳು ತೊಳೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ.

ಮೂರು ವರ್ಷದ ಹಿಂದಿನ ನೀರು ಇನ್ನೂ ಫೋಮಿನಲ್ಲಿತ್ತೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಇರಲಿಲ್ಲ. ಸನ್‌ರೂಫಿನ ಸುತ್ತ ಬಿದ್ದ ಮಳೆನೀರು ಹೊರಹೋಗಲು ಕಂಬಗಳ ಒಳಗಿನಿಂದ ಇಳಿಯುವ ಸಣ್ಣ ಕೊಳವೆಗಳ ಕೆಳಬಾಯಿಗೆ ಪ್ರವಾಹದ ಕೆಸರು ಮೆತ್ತಿಕೊಂಡು ಗಟ್ಟಿಯಾಗಿತ್ತು. ಹಾಗಾಗಿ ಪ್ರತಿ ಮಳೆಗೂ, ಪ್ರತಿ ಸಲ ಕಾರು ತೊಳೆದಾಗಲೂ, ಹೊಸ ನೀರು ಒಳಗೇ ಇಳಿಯುತ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಇಷ್ಟೇ ಸಾಕು. ಕೊಂಡದ್ದು ಜನವರಿಯಲ್ಲಿ, ಒಣ ಹವೆಯಲ್ಲಿ ಎಲ್ಲ ಮುಚ್ಚಿಹೋಗಿತ್ತು. ಪ್ರವಾಹ ಕಾಣದ ಕಾರಿನಲ್ಲೂ ಮಾವಿನ ಎಲೆಯ ಚೂರು, ತೆಂಗಿನ ಸಿಂಗಾರದ ಹುಡಿ ಈ ಕೊಳವೆಗಳನ್ನು ಕಟ್ಟಿಬಿಡುತ್ತವೆ. ಮೇ ತಿಂಗಳಲ್ಲಿ ಸನ್‌ರೂಫ್ ತೆರೆದು ಒಂದು ಲೋಟ ನೀರನ್ನು ಮೂಲೆಗೆ ನಿಧಾನವಾಗಿ ಹೊಯ್ದು, ಅದು ಕಾರಿನ ಅಡಿಯಲ್ಲಿ ತೊಟ್ಟಿಕ್ಕುತ್ತದೆಯೇ ಎಂದು ನೋಡುವ ಕೆಲಸ ಯಾರೂ ಮಾಡಬಹುದಾದದ್ದು.

ವಯರಿಂಗ್ ಸರಿಮಾಡಲು ಹನ್ನೊಂದು ದಿನ ಹಿಡಿಯಿತು. ನೀರು ತಂತಿಯ ಪ್ಲಾಸ್ಟಿಕ್ ಹೊದಿಕೆಯ ಒಳಗೇ ಮೇಲೇರಿ ತಾಮ್ರವನ್ನು ಒಂದು ಅಡಿಯ ತನಕ ಕಪ್ಪಾಗಿಸಿತ್ತು. ಕೆಂಪು ತಾಮ್ರ ಕಾಣುವ ತನಕ ಕತ್ತರಿಸಿ ಹೊಸ ತುಂಡು ಜೋಡಿಸಬೇಕಾಯಿತು. ಮುಂಬೈಯ ಕುರ್ಲಾದಿಂದ ತರಿಸಿದ ಸೆಕೆಂಡ್‌ಹ್ಯಾಂಡ್ ಕಂಟ್ರೋಲ್ ಯೂನಿಟ್ ಬೇರೆ ಕಾರಿನ ಚಾಸಿಸ್ ಸಂಖ್ಯೆಗೆ ಬೆಸೆದುಕೊಂಡಿದ್ದರಿಂದ ಕೆಲಸಕ್ಕೆ ಬರಲಿಲ್ಲ, ಹೊಸದನ್ನೇ ತರಿಸಿದೆ. ಎಲ್ಲ ಸೇರಿ 94,000 ರೂಪಾಯಿ. ಹಿಂದಿನ 2,73,000 ರೂಪಾಯಿಯ ಕೆಲಸಗಳಲ್ಲಿ ಎಷ್ಟು ಬೇಕಿತ್ತು ಎಂದು ಕೇಳಿದಾಗ ಹಿರಿಯರು ನಕ್ಕು ಸುಮ್ಮನಾದರು. ವಿಮೆಯಿಂದ ಏನೂ ಬರಲಿಲ್ಲ; ಸವಕಳಿ ಮತ್ತು ವಿದ್ಯುತ್ ದೋಷಗಳನ್ನು ಸಾಮಾನ್ಯ ಮೋಟಾರು ಪಾಲಿಸಿ ಭರಿಸುವುದಿಲ್ಲ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದೆಂದು ವಕೀಲರು ಹೇಳಿದರು, ಆದರೆ ನಾನು ಅರ್ಧ ಹಣ ನಗದಾಗಿ ಕೊಟ್ಟು, "ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿದ್ದೇನೆ" ಎಂಬ ಕಾಗದಕ್ಕೆ ಸಹಿ ಹಾಕಿದ್ದೆ.

ಕಾರು ಮತ್ತೆ ಓಡಿತು. ಮಾರಲು ನಿರ್ಧರಿಸಿದ್ದು ಬೇರೆ ಕಾರಣಕ್ಕೆ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ನಡುವಿನ ಕನ್ಸೋಲಿನ ಅಡಿಯಲ್ಲಿ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅದೂ ಅಂದು ನೀರಿನಲ್ಲಿತ್ತು. ಈಗ ದೀಪ ಹೊತ್ತುತ್ತಿಲ್ಲ, ಆದರೆ ಅಪಘಾತವಾದ ಕ್ಷಣದಲ್ಲಿ ಅದು ಕೆಲಸ ಮಾಡುತ್ತದೆ ಎಂದು ಯಾರೂ ಬರೆದುಕೊಡಲು ತಯಾರಿರಲಿಲ್ಲ. ಇದನ್ನು ತಿಳಿದೂ ಇನ್ನೊಂದು ಕುಟುಂಬಕ್ಕೆ ಕೊಡಲು ಮನಸ್ಸು ಒಪ್ಪಲಿಲ್ಲ. 2024ರ ಜುಲೈಯಲ್ಲಿ ಬಿಡಿಭಾಗಗಳ ವ್ಯಾಪಾರಿಯೊಬ್ಬರು ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಗಿಲುಗಳಿಗಾಗಿ 1,70,000 ರೂಪಾಯಿ ಕೊಟ್ಟರು. ರಸೀದಿಯಲ್ಲಿ "ಪ್ರವಾಹದ ನೀರು ನುಗ್ಗಿದ ವಾಹನ, ರಸ್ತೆಯಲ್ಲಿ ಓಡಿಸಲು ಅಲ್ಲ" ಎಂದು ಬರೆಸಿ ಇಬ್ಬರೂ ಸಹಿ ಹಾಕಿದೆವು. ಆರ್‌ಸಿಯನ್ನು ಅವರ ಕೈಗೆ ಕೊಡದೆ, ರದ್ದತಿಯ ಅರ್ಜಿಯೊಂದಿಗೆ ಆರ್‌ಟಿಒ ಕಚೇರಿಗೆ ನಾನೇ ಒಯ್ದು ಒಪ್ಪಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆ.