80ನೇ ಪೋರ್ಟ್ ಬಿಡಿಸಲು ಆ ಒಂದು ಸಾಲಿನ ಕಮಾಂಡ್ ಹಾಕಬೇಡಿ

ದಾವಣಗೆರೆ ಎಪಿಎಂಸಿಯ ಒಂದು ಮೆಕ್ಕೆಜೋಳದ ಮಂಡಿ. ಕರೆಂಟ್ ಹೋಗಿ ಬಂದ ಮೇಲೆ ಬಿಲ್ಲಿಂಗ್ ಪುಟ ತೆರೆಯಲಿಲ್ಲ. ಆ ಪುಟವನ್ನು ಕೊಡುವ ವೆಬ್ ಸರ್ವರ್ ಅಪಾಚೆಯ ಲಾಗ್‌ನಲ್ಲಿದ್ದದ್ದು: ದೋಷ ಸಂಖ್ಯೆ 98, ಅಡ್ರೆಸ್ ಆಲ್ರೆಡಿ ಇನ್ ಯೂಸ್. ಅಂದರೆ ಅದಕ್ಕೆ ಬೇಕಾದ 80ನೇ ಪೋರ್ಟ್, ವೆಬ್ ಪುಟಗಳು ಹೋಗಿಬರುವ ಬಾಗಿಲು, ಆಗಲೇ ಬೇರೆಯವರ ಕೈಲಿದೆ. ಹೊರಗೆ ಲಾರಿಗಳು ಕಾಯುತ್ತಿದ್ದವು. ರಿಪೇರಿಗೆ ಬಂದವರು ನೆಟ್‌ನಲ್ಲಿ ಸಿಕ್ಕ ಸಾಲೊಂದನ್ನು ಹಾಕಿದರು. ಪೋರ್ಟ್ ಬಳಸುವವರನ್ನು ಹುಡುಕುವ ಎಲ್‌ಎಸ್‌ಒಎಫ್ ಕಮಾಂಡ್ ಕೊಡುವ 80ರ ಪಿಐಡಿಗಳನ್ನೆಲ್ಲ, ಅಂದರೆ ಪ್ರೋಗ್ರಾಂಗಳ ಗುರುತು ಸಂಖ್ಯೆಗಳನ್ನೆಲ್ಲ, ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9ಕ್ಕೆ ಒಪ್ಪಿಸುವ ಸಾಲು ಅದು. ಅಪಾಚೆಯೇನೋ ಎದ್ದಿತು, ಆದರೆ ಅದೇ ಕಂಪ್ಯೂಟರಿನಲ್ಲಿದ್ದ, ಲಾರಿಗಳ ತೂಕ ದಾಖಲಿಸುವ ವೇಬ್ರಿಡ್ಜ್ ಪ್ರೋಗ್ರಾಂ ಸತ್ತುಹೋಯಿತು. ಡಿಸ್ಕಿಗೆ ಇನ್ನೂ ಬರೆಯದಿದ್ದ ತೂಕಗಳೂ ಅದರ ಜೊತೆ ಹೋದವು. ಕಾಗದದ ಚೀಟಿ ನೋಡಿ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಯಿತು.

ಕಾರಣ ಇಷ್ಟೇ. ಎಲ್‌ಎಸ್‌ಒಎಫ್‌ಗೆ ಬರೀ 80 ಎಂದರೆ ಆ ಪೋರ್ಟಿನಲ್ಲಿ ಕೂತಿರುವ ಪ್ರೋಗ್ರಾಂ ಮಾತ್ರವಲ್ಲ, ಬೇರೆ ಸರ್ವರ್‌ನ 80ಕ್ಕೆ ಸಂಪರ್ಕ ಹೊಂದಿರುವವನ್ನೂ ಪಟ್ಟಿಗೆ ಸೇರಿಸುತ್ತದೆ. ವೇಬ್ರಿಡ್ಜ್ ಪ್ರೋಗ್ರಾಂ ಹೊರಗಿನ ಸರ್ವರ್‌ಗೆ ತೂಕ ಕಳಿಸುತ್ತಿತ್ತು, ಸಿಕ್ಕಿಬಿತ್ತು. ಮೈನಸ್ 9 ಬಂದರೆ ಪ್ರೋಗ್ರಾಂಗೆ ಏನನ್ನೂ ಉಳಿಸಿಕೊಳ್ಳಲು ಅವಕಾಶವಿಲ್ಲ. ಇದನ್ನೇ 3306ನೇ ಪೋರ್ಟಿಗೆ ಹಾಕಿದರೆ ಅಲ್ಲಿ ಕೂತಿರುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಬೀಳುತ್ತದೆ, ಮೈಐಸ್ಯಾಮ್ ಎಂಬ ಹಳೆಯ ಮಾದರಿಯ ಟೇಬಲ್‌ಗಳು ಕೆಡಬಹುದು.

ಮೊದಲು ಪೋರ್ಟ್ ಹಿಡಿದವರು ಯಾರೆಂದು ನೋಡಿ. ರೂಟ್, ಅಂದರೆ ಯಂತ್ರದ ಪೂರ್ಣ ಹಕ್ಕು ಕೊಡುವ ಸುಡೋ ಜೊತೆ, ಪೋರ್ಟ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಕಮಾಂಡಿಗೆ ಮೈನಸ್ ಎಲ್‌ಟಿಎನ್‌ಪಿ ಸೇರಿಸಿ. ಸುಡೋ ಇಲ್ಲದಿದ್ದರೆ ಬೇರೆ ಬಳಕೆದಾರರ ಪ್ರೋಗ್ರಾಂಗಳ ಹೆಸರು ಕಾಣುವುದಿಲ್ಲ. ಪಿಐಡಿ ಸಿಕ್ಕ ಮೇಲೆ ಸರ್ವಿಸ್‌ಗಳನ್ನು ನಿಭಾಯಿಸುವ ಕಮಾಂಡ್ ಸಿಸ್ಟಮ್‌ಸಿಟಿಎಲ್‌ನ ಸ್ಟೇಟಸ್‌ಗೆ ಆ ಸಂಖ್ಯೆ ಕೊಟ್ಟರೆ ಅದು ಯಾವ ಸರ್ವಿಸ್ ಎಂದು ಹೇಳುತ್ತದೆ. ಮಂಡಿಯಲ್ಲಿ 80 ಹಿಡಿದಿದ್ದದ್ದು ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್. ಹಿಂದೆ ಯಾವಾಗಲೋ ಆ ಕಂಪ್ಯೂಟರಿನ ಉಬುಂಟು ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಆಗಿತ್ತು. ಆಗ 80 ಅಪಾಚೆಯ ಕೈಲಿದ್ದ ಕಾರಣ ಶುರುವಾಗಲಿಲ್ಲ, ಆದರೆ ಬೂಟ್ ಪಟ್ಟಿಯಲ್ಲಿ ಉಳಿದುಕೊಂಡಿತ್ತು. ಕರೆಂಟ್ ಬಂದಾಗ ಮೊದಲು ಎದ್ದದ್ದು ಅದೇ. ಹಾಗಾಗಿ ಬರೀ ಸ್ಟಾಪ್ ಸಾಲದು, ಬೂಟ್ ಪಟ್ಟಿಯಿಂದ ತೆಗೆಯಲು ಡಿಸೇಬಲ್ ಕೂಡ ಮಾಡಬೇಕು. ಇಲ್ಲವಾದರೆ ಮುಂದಿನ ಪವರ್ ಕಟ್‌ಗೆ ಇದೇ ಕಥೆ.

ದೋಷದ ಸಂಖ್ಯೆ ಬೇರೆಯಾದರೆ ದಾರಿಯೂ ಬೇರೆ. 13 ಬಂದರೆ ಅನುಮತಿಯ ತೊಂದರೆ: 1024ಕ್ಕಿಂತ ಕೆಳಗಿನ ಪೋರ್ಟಿಗೆ ಸಾಮಾನ್ಯವಾಗಿ ರೂಟ್ ಹಕ್ಕು ಬೇಕು, ಲಿನಕ್ಸ್‌ನ ಭದ್ರತಾ ಕಾವಲು ಎಸ್‌ಇಲಿನಕ್ಸ್ ಕೂಡ ತಡೆದಿರಬಹುದು. 99 ಬಂದರೆ, ಯಾವ ವಿಳಾಸ, ಪೋರ್ಟಿನಲ್ಲಿ ಕೂರಬೇಕೆಂದು ಅಪಾಚೆಯ ಕಾನ್ಫಿಗ್ ಫೈಲಿನಲ್ಲಿ ಹೇಳುವ ಲಿಸನ್ ಸಾಲಿನ ಐಪಿ ವಿಳಾಸ ಆ ಯಂತ್ರದಲ್ಲೇ ಇಲ್ಲ. ರೌಟರ್ ಬದಲಿಸಿದ ಮೇಲೆ ಹೀಗಾಗುವುದುಂಟು. 98 ಬಂದಿದ್ದು ಬೇರೆ ಯಾರೂ ಪೋರ್ಟ್ ಹಿಡಿದಿಲ್ಲವೆಂದರೆ, ಲಿಸನ್ 80 ಎರಡು ಕಡೆ ಬರೆದಿದೆಯೇ ನೋಡಿ. ಆಗ ಅಪಾಚೆಗೆ ಅಪಾಚೆಯೇ ಅಡ್ಡ. ಕಾನ್ಫಿಗ್ ಫೈಲಿನ ಬರವಣಿಗೆ ಪರೀಕ್ಷಿಸುವ ಕಾನ್ಫಿಗ್‌ಟೆಸ್ಟ್ ಮಾಡಿದರೆ ಸಿಂಟ್ಯಾಕ್ಸ್ ಓಕೆ ಎನ್ನುತ್ತದೆ, ಅದನ್ನು ನಂಬಿ ಕೂರಬೇಡಿ. ಅದು ಪೋರ್ಟನ್ನು ಮುಟ್ಟಿಯೂ ನೋಡುವುದಿಲ್ಲ.